ಗೆರೆಮೇಸ್ತ್ರಿ ಎಳೆದ ಉದ್ದದ ವೈರು

ಮನೆಗಳಿಗೆ ಕರೆಂಟಿನ ವೈರಿಂಗ್ ಮಾಡುವುದು ಅವನ ಕಸುಬು. ಓಣಿಗೆಲ್ಲ ಅವನು ಗೆರೆಮೇಸ್ತ್ರಿ. ವೈರು ಅಡಗಿಸಲು ಅವನು ಗೋಡೆಗೆ ಕೂರಿಸಿದ ಬಿಳಿ ಪಟ್ಟಿ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಹೋಗುತ್ತಿತ್ತು. ಮೂಲೆ ಬಂದರೆ ಮೂಲೆಯಲ್ಲೇ ತಿರುಗಬೇಕು, ಅಡ್ಡದಾರಿ ಹಿಡಿಯುವ ಹಾಗಿಲ್ಲ. ಕಣ್ಣಿಗೆ ಬೀಳುವ ವೈರು ಕೆಲಸಗಾರನಿಗೆ ಬೈಗುಳ ಎಂಬುದು ಅವನ ಮಾತು. ಯಾರದೋ ಮನೆಯಲ್ಲಿ ಒಂದು ವೈರು ನೇತಾಡುತ್ತಿದ್ದರೆ, ಪೈಜಾಮದ ಲಾಡಿ ಹೊರಗೆ ಬಿಟ್ಟುಕೊಂಡವರನ್ನು ಕಂಡಂತೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದ.

ಅವನ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆ ಮಷಿನ್ನು ಎಷ್ಟು ವೇಗವೋ ಬಾಯಿ ಅದಕ್ಕಿಂತ ವೇಗ. ಅಳತೆ ಕೊಡಲು ಬಂದವರು ಮನೆಯ ಕಷ್ಟಸುಖವನ್ನೆಲ್ಲ ಅಳೆಸಿಕೊಂಡು ಹೋಗುತ್ತಿದ್ದರು. ಗಂಡ ಮಿತಭಾಷಿ. "ನಿಮ್ಮಪ್ಪನಿಗೆ ಸಂಸಾರ ಗೋಡೆ ಜೊತೆ ಕಣೇ, ನಾನಿಲ್ಲಿ ಬರೀ ಬಾಡಿಗೆಗಿದೀನಿ" ಎಂದು ಮಗಳಿಗೆ ಹೇಳಿ ನಗುತ್ತಿದ್ದಳು. ಅವನೂ ಮೀಸೆಯಲ್ಲೇ ನಗುತ್ತಿದ್ದ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದುದರಿಂದ ಅವನಿಗೆ ಮಾತಿನ ಬರ ಎಂದೂ ತಟ್ಟಿರಲಿಲ್ಲ.

ಒಂದು ಬೆಳಗ್ಗೆ ಅವಳು ಹೊಲಿಗೆ ಮಷಿನ್ನಿನ ಮೇಲೆ ತಲೆಯಿಟ್ಟವಳು ಏಳಲಿಲ್ಲ. ಮೆದುಳಿಗೆ ರಕ್ತ ಹೋಗುವ ದಾರಿ ಕಟ್ಟಿಕೊಂಡಿತು ಎಂದರು ಆಸ್ಪತ್ರೆಯವರು. ಜೀವ ಉಳಿಯಿತು. ಉಳಿದಿದ್ದೆಲ್ಲ ಹೋಯಿತು. ಕೈಕಾಲು ಹೋಯಿತು, ನಾಲಿಗೆ ಹೋಯಿತು, ಕಣ್ಣು ತೆರೆದಿರುತ್ತಿತ್ತು, ಆದರೆ ರೆಪ್ಪೆ ತನಗೆ ತೋಚಿದಾಗ ಬಡಿಯುತ್ತಿತ್ತೇ ಹೊರತು ಹೇಳಿದಾಗ ಬಡಿಯುತ್ತಿರಲಿಲ್ಲ. ಬಲಗೈ ತೋರುಬೆರಳೊಂದು ಅವಳ ಮಾತು ಕೇಳುತ್ತಿತ್ತು. ಅದೂ ಹೇಗೆ? ಸದಾ ನಡುಗುವ ಬೆರಳು. ಯಾವುದು ನಡುಕ, ಯಾವುದು ಅವಳಾಗಿ ಅಲ್ಲಾಡಿಸಿದ್ದು ಎಂದು ನೋಡುವವರಿಗೆ ಗೊತ್ತಾಗುತ್ತಿರಲಿಲ್ಲ.

ಮಗಳು ಅದೇ ಊರಿನಲ್ಲಿ ಗಂಡನ ಮನೆಯಲ್ಲಿದ್ದಳು. ಅವಳೇ ಓಡಾಡಿ ಆಸ್ಪತ್ರೆಯಿಂದ ಒಂದು ಕಂಪ್ಯೂಟರ್ ತರಿಸಿದಳು. ಜೊತೆಗೆ ಮಾತು ಕಲಿಸುವ ಟೀಚರ್ ಬಂದಳು. ಮಂಚದ ಪಕ್ಕದಲ್ಲಿ ಸ್ಟ್ಯಾಂಡಿಟ್ಟು, ಬೆರಳಿನ ಕೆಳಗೆ ಒಂದು ಮೆತ್ತನೆಯ ಗುಂಡಿ ಇಟ್ಟು, ಗುಂಡಿಯ ಗಿಡ್ಡ ವೈರನ್ನು ಕಂಪ್ಯೂಟರಿಗೆ ಚುಚ್ಚಿದಳು. ಪರದೆಯ ಮೇಲೆ ಅಕ್ಷರಗಳ ಸಾಲು. ಬೆಳಕಿನ ಚೌಕವೊಂದು ಸಾಲಿನಿಂದ ಸಾಲಿಗೆ ಇಳಿಯುತ್ತದೆ. ಬೇಕಾದ ಸಾಲು ಬಂದಾಗ ಒತ್ತಬೇಕು, ಆಮೇಲೆ ಬೇಕಾದ ಅಕ್ಷರ ಬಂದಾಗ ಮತ್ತೆ ಒತ್ತಬೇಕು. ಪದ ಮುಗಿದರೆ ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ.

"ಇದನ್ನ ಸುಮ್ಮನೆ ಕೊಟ್ಟುಬಿಟ್ಟಿಲ್ಲ ಅಂಕಲ್," ಎಂದಳು ಟೀಚರ್. "ತುಂಬ ಜನ ಸಾಲಲ್ಲಿ ಕಾಯ್ತಿದಾರೆ. ಡಾಕ್ಟರ್ ಆಮೇಲೆ ಬಂದು ನೋಡ್ತಾರೆ. ಆಂಟಿ ಬಳಸ್ತಿದ್ರೆ ಇವರ ಹತ್ರಾನೇ ಇರುತ್ತೆ. ಇಲ್ಲ ಅಂದ್ರೆ ಬೇರೆಯವರಿಗೆ ಹೋಗುತ್ತೆ."

ಮೇಸ್ತ್ರಿ ಕೈಕಟ್ಟಿ ನಿಂತಿದ್ದ. ಅವನಿಗೆ ನಂಬಿಕೆ ಇರಲಿಲ್ಲ. ಅರ್ಧ ಗಂಟೆ ಚೌಕ ಇಳಿಯಿತು, ಏರಿತು, ಮತ್ತೆ ಇಳಿಯಿತು. ಕೊನೆಗೆ ಕಂಪ್ಯೂಟರ್ ಬಾಯಿ ಬಿಟ್ಟಿತು. "ಗಡ್ಡ."

ಮಗಳಿಗೆ ಅರ್ಥವಾಗಲಿಲ್ಲ, ಟೀಚರಿಗೂ ಆಗಲಿಲ್ಲ. ಮೇಸ್ತ್ರಿಗೆ ಆಯಿತು. ಆಸ್ಪತ್ರೆ ಮನೆ ಎಂದು ಅಲೆದು ಅವನು ಗಡ್ಡ ಬೋಳಿಸಿಕೊಂಡು ಯಾವ ಕಾಲವಾಗಿತ್ತೋ. ಬಚ್ಚಲಿಗೆ ಹೋಗಿ ಕನ್ನಡಿ ಮುಂದೆ ನಿಂತು ಬೋಳಿಸಿಕೊಂಡ. ಕೆನ್ನೆಯ ಮೇಲೆ ಸೋಪಿನ ನೊರೆ ಯಾವುದು, ಕಣ್ಣೀರು ಯಾವುದು ಎಂದು ನೋಡುವವರು ಅಲ್ಲಿ ಯಾರೂ ಇರಲಿಲ್ಲ, ಅದೇ ಒಳ್ಳೆಯದಾಯಿತು.

ಅಲ್ಲಿಂದ ಕೆಲವು ವಾರ ಆ ಮನೆಯಲ್ಲಿ ಮತ್ತೆ ಮಾತಿತ್ತು. "ಕಾಲರ್ ಮಡಚಿದೆ." "ಗಂಜಿಗೆ ಉಪ್ಪಿಲ್ಲ." ನೋಡಲು ಬಂದ ನಾದಿನಿ ಹೊರಗೆ ಹೋಗುವುದನ್ನೇ ಕಾದಿದ್ದು, "ದಪ್ಪಗಾಗಿದಾಳೆ." ಮೇಸ್ತ್ರಿ ನಕ್ಕು ನಕ್ಕು ಗೋಡೆಗೆ ಒರಗಿಕೊಂಡ. ಅವಳ ಬುದ್ಧಿ ಎಲ್ಲೂ ಹೋಗಿರಲಿಲ್ಲ, ಚುರುಕುತನವೂ ಹೋಗಿರಲಿಲ್ಲ.

ಆದರೆ ಅವನ ಕಣ್ಣಿಗೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಮಂಚದ ಪಕ್ಕದಲ್ಲಿ ವೈರುಗಳ ಗೋಜಲು. ಪರದೆಯದೊಂದು, ಕರೆಂಟಿನದೊಂದು, ಗುಂಡಿಯದೊಂದು. ಅವಳನ್ನು ಒರೆಸಿ ಮಗ್ಗುಲು ಬದಲಿಸುವಾಗೆಲ್ಲ ಸ್ಟ್ಯಾಂಡು ಅಡ್ಡ. ನೋಡಲು ಬಂದವರು ವೈರಿಗೆ ಎಡವುತ್ತಿದ್ದರು. ಊರಿನ ಮನೆಗಳಿಗೆಲ್ಲ ಗೆರೆ ಎಳೆದವನ ಮನೆಯಲ್ಲಿ, ಅವನ ಹೆಂಡತಿಯ ಮಂಚದ ಪಕ್ಕದಲ್ಲೇ ಈ ಅವಸ್ಥೆ.

ಒಂದು ಭಾನುವಾರ ಅವನು ಕೆಲಸಕ್ಕೆ ಇಳಿದ. ಪರದೆಯನ್ನು ಮಂಚದ ಎದುರಿನ ಗೋಡೆಗೆ ಫೋಟೋ ಹಾಕಿದಂತೆ ಹಾಕಿದ. ಅದೇ ಗೋಡೆಯ ಆಚೆಗೆ, ಮುಂದಿನ ಕೋಣೆಯಲ್ಲಿ, ಕಂಪ್ಯೂಟರನ್ನು ಶೆಲ್ಫಿನ ಮೇಲಿಟ್ಟ. ಗೋಡೆಗೆ ಒಂದು ತೂತು ಕೊರೆದು ಪರದೆಯ ವೈರು ದಾಟಿಸಿದ. ಅಲ್ಲಿಗೆ ಎಲ್ಲ ಸರಿ. ಉಳಿದದ್ದು ಗುಂಡಿಯ ವೈರು. ಮಂಚದಿಂದ ಎದುರಿನ ಗೋಡೆಗೆ ನಾಲ್ಕು ಹೆಜ್ಜೆಯ ದಾರಿ. ನೆಲದ ಮೇಲೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ನೆಲದ ಮೇಲೆ ವೈರು ಬಿಡುವುದೇ? ಗೆರೆಮೇಸ್ತ್ರಿಯೇ?

ಅಂಗಡಿಯಿಂದ ಉದ್ದ ಮಾಡುವ ವೈರುಗಳನ್ನು ತಂದು ಒಂದರ ಬಾಲಕ್ಕೆ ಇನ್ನೊಂದನ್ನು ಚುಚ್ಚಿದ. ಮಂಚದ ತಲೆದೆಸೆಯಿಂದ ಗೋಡೆ ಹತ್ತಿಸಿ, ಸೂರಿನಂಚಿಗೆ ಒಯ್ದು, ಕೋಣೆಯನ್ನು ಸುತ್ತಿಸಿ, ಬಾಗಿಲ ಮೇಲಿನಿಂದ ದಾಟಿಸಿ, ಮುಂದಿನ ಕೋಣೆಯನ್ನೂ ಅರ್ಧ ಸುತ್ತಿಸಿ ಕಂಪ್ಯೂಟರಿನ ಬಳಿ ಇಳಿಸಿದ. ಸೂರಿನಂಚಿನಲ್ಲಿ ಫ್ಯಾನಿನ ಕರೆಂಟು ಹೋಗುವ ಬಿಳಿ ಪಟ್ಟಿ ಮೊದಲೇ ಇತ್ತು. ಅದರೊಳಗೇ ಇದನ್ನೂ ಮಲಗಿಸಿ ಮುಚ್ಚಳ ಹಾಕಿದ. ಬಲ್ಬಿಗೆ ಬೀದಿಯ ತುದಿಯಿಂದ ವೈರು ಎಳೆದರೂ ಬಲ್ಬು ಉರಿಯುತ್ತದೆ. ವೈರು ಮುಟ್ಟಿದರೆ ಕೆಲಸ ಆದಂತೆಯೇ. ಇಷ್ಟು ವರ್ಷ ಅವನ ಕೈಗೆ ಗೊತ್ತಿದ್ದ ಸತ್ಯ ಅದು, ಅದನ್ನು ಅನುಮಾನಿಸಲು ಕಾರಣವಾದರೂ ಏನಿತ್ತು?

ಗುಂಡಿ ಒತ್ತಿ ನೋಡಿದ. ಚೌಕ ನಿಂತಿತು. ಎಷ್ಟು ಸಲ ಒತ್ತಿದರೂ ನಿಂತಿತು.

ನೋಡಿದವರೆಲ್ಲ ಹೊಗಳಿದರು. ಟೀಚರ್ ಬಂದು, "ಅಂಕಲ್, ಆಸ್ಪತ್ರೆಲೂ ಇಷ್ಟು ನೀಟಾಗಿಲ್ಲ!" ಎಂದು ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಯಾರಿಗೂ ನೆನಪಾಗಲಿಲ್ಲ.

ಹುಳುಕು ಮೆಲ್ಲಗೆ ಕಾಣಿಸಿಕೊಂಡಿತು. ಒಂದು ಪದ ಅರ್ಧಕ್ಕೇ ನಿಂತಿತು. ಇನ್ನೊಂದು ಪದ ಬಂತು, ಯಾವ ಭಾಷೆಯದೂ ಅಲ್ಲ. ಅವಳು ಒತ್ತಿದ್ದು ಒಮ್ಮೆ ತಲುಪುತ್ತಿತ್ತು, ಒಮ್ಮೆ ದಾರಿಯಲ್ಲೇ ಸಾಯುತ್ತಿತ್ತು. ಒಂದು ಒತ್ತು ತಪ್ಪಿದರೆ ಸಾಲು ತಪ್ಪಿತು, ಸಾಲು ತಪ್ಪಿದರೆ ಮುಂದಿನದೆಲ್ಲ ಅಡ್ಡಾದಿಡ್ಡಿ. ಸೆಕೆ ಹೆಚ್ಚಿ ಫ್ಯಾನು ಹಾಕಿದ ದಿನಗಳಲ್ಲಂತೂ ಕೇಳುವುದೇ ಬೇಡ. ನಡುನಡುವೆ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ "ಟುಡುಂ" ಎನ್ನುತ್ತಿತ್ತು, ಸ್ವಲ್ಪ ಹೊತ್ತಿಗೆ "ಟಡಿಂ" ಎನ್ನುತ್ತಿತ್ತು. "ನಿನ್ನ ಮಾತಿಗೆ ಕಂಪ್ಯೂಟರೂ ಹೂಂಗುಟ್ಟುತ್ತೆ ನೋಡು" ಎಂದು ಮೇಸ್ತ್ರಿ ಮೊದಮೊದಲು ತಮಾಷೆ ಮಾಡಿದ.

ಆಮೇಲೆ ತಮಾಷೆ ನಿಂತಿತು. "ಸರಿಯಾಗಿ ನೋಡಿ ಒತ್ತು" ಎಂದ. "ಅವಸರ ಯಾಕೆ ನಿಂಗೆ?" ಎಂದು ಗದರಿದ. ಸೂರಿನಂಚಿನ ಪಟ್ಟಿಯ ಕಡೆಗೆ ಅವನ ಅನುಮಾನ ಒಂದು ದಿನವೂ ತಿರುಗಲಿಲ್ಲ. ತನ್ನ ಕೆಲಸ ತಪ್ಪುವುದಕ್ಕಿಂತ ಹೆಂಡತಿಯ ತಲೆ ಕೆಡುವುದು ಅವನಿಗೆ ಸುಲಭವಾಗಿ ನಂಬುವ ವಿಷಯವಾಯಿತು! ಹೇಳಲು ಕಹಿಯಾದರೂ ನಡೆದದ್ದು ಅದೇ. ಮಗಳು ಬಂದು ನೋಡಿದಳು, ಕಣ್ಣೊರೆಸಿಕೊಂಡಳು. ಟೀಚರ್ ಮುಖ ಸಣ್ಣದು ಮಾಡಿಕೊಂಡಳು. "ಇಂಥವರಿಗೆ ಕೆಲವೊಮ್ಮೆ ಮೆದುಳಿಗೆ ಎರಡನೇ ಏಟು ಬೀಳುತ್ತೆ ಅಂಕಲ್. ಹೊರಗೆ ಕಾಣಲ್ಲ," ಎಂದಳು.

ಡಾಕ್ಟರ್ ಬರುವ ದಿನ ಮೇಸ್ತ್ರಿ ಮನೆ ಗುಡಿಸಿ ಒರೆಸಿದ. ಅವಳಿಗೆ ತಲೆ ಬಾಚಿದ. ತಾನೂ ಗಡ್ಡ ಬೋಳಿಸಿಕೊಂಡ. ಮಂಚದ ಪಕ್ಕ ಮಂಡಿಯೂರಿ, "ಇವತ್ತೊಂದಿನ ಗಟ್ಟಿ ಮನಸು ಮಾಡು ಕಣೇ. ಇಲ್ದಿದ್ರೆ ಎತ್ಕೊಂಡು ಹೋಗ್ತಾರೆ" ಎಂದು ಬೇಡಿಕೊಂಡ. ಅವಳ ಕಣ್ಣು ಅವನನ್ನೇ ನೋಡುತ್ತಿತ್ತು.

ಡಾಕ್ಟರ್ ಬೆವರೊರೆಸುತ್ತ ಬಂದರು. ಬಂದವರಿಗೆ ಮರ್ಯಾದೆ ಬೇಡವೇ? ಮೇಸ್ತ್ರಿ ಓಡಿಹೋಗಿ ತನ್ನ ಕೈಯಾರೆ ಫ್ಯಾನು ಹಾಕಿದ, ಜೋರಾಗಿಯೇ ಹಾಕಿದ.

"ನಿಮಗೆ ಮಕ್ಕಳೆಷ್ಟಮ್ಮ?" ಎಂದು ಡಾಕ್ಟರ್ ಕೇಳಿದರು.

ಬೆಳಕಿನ ಚೌಕ ಇಳಿಯಿತು, ಏರಿತು. ಕಂಪ್ಯೂಟರ್ ಏನೋ ಎರಡಕ್ಷರ ಕಕ್ಕಿತು. ಪದವಲ್ಲ. ಮುಂದಿನ ಕೋಣೆಯಿಂದ ಟುಡುಂ ಎಂದಿತು.

"ಇವರು ಯಾರು ನಿಮಗೆ?" ಡಾಕ್ಟರ್ ಮೇಸ್ತ್ರಿಯನ್ನು ತೋರಿಸಿದರು.

ಚೌಕ ಸಾಲು ಸಾಲು ಇಳಿಯಿತು. ಎಲ್ಲೂ ನಿಲ್ಲಲಿಲ್ಲ. ಮೇಸ್ತ್ರಿ ನೋಡುತ್ತಿದ್ದ. ಚೌಕ ಕೊನೆಯ ಸಾಲು ಮುಟ್ಟಿ ಮತ್ತೆ ಮೇಲಿನಿಂದ ಶುರು ಮಾಡಿತು.

ಡಾಕ್ಟರ್ ಎದ್ದು ಅವನ ಹೆಗಲ ಮೇಲೆ ಕೈಯಿಟ್ಟರು. "ಯಜಮಾನ್ರೇ, ದೇಹ ಚೆನ್ನಾಗಿ ನೋಡ್ಕೊಂಡಿದೀರಿ. ಆದ್ರೆ ಒಳಗೆ ಅವರಿಲ್ಲ ಅನ್ಸುತ್ತೆ." ಅದನ್ನು ಮಂಚದ ಪಕ್ಕದಲ್ಲೇ ನಿಂತು ಹೇಳಿದರು. ಯಾರೂ ಸುಮ್ಮನಿರಿ ಎನ್ನಲಿಲ್ಲ.

ಮಾರನೆಯ ದಿನ ಆಸ್ಪತ್ರೆಯವರು ಬಂದು ಕಂಪ್ಯೂಟರ್, ಪರದೆ, ಸ್ಟ್ಯಾಂಡು, ಗುಂಡಿ ಎಲ್ಲ ಬಿಚ್ಚಿಕೊಂಡು ಹೋದರು. ಅವನು ತಂದಿದ್ದ ಉದ್ದನೆಯ ವೈರು ಮಾತ್ರ ಪಟ್ಟಿಯೊಳಗೆ ಉಳಿಯಿತು. ಅದು ಅವರದ್ದಲ್ಲವಲ್ಲ.

ಅಲ್ಲಿಂದ ಮುಂದೆ ಮೇಸ್ತ್ರಿ ಅವಳೊಂದಿಗೆ ಮಾತಾಡುವುದನ್ನು ಬಿಟ್ಟ. ಸಿಟ್ಟಿನಿಂದಲ್ಲ. ಗೋಡೆಯೊಂದಿಗೆ ಯಾರು ಮಾತಾಡುತ್ತಾರೆ? ಗಂಜಿ ಕುಡಿಸಿದ, ಬಟ್ಟೆ ಬದಲಿಸಿದ, ಹುಣ್ಣಾಗದಂತೆ ಹೊರಳಿಸಿದ, ಒಂದು ಹೊತ್ತೂ ತಪ್ಪಿಸಲಿಲ್ಲ. ಆದರೆ ಅವಳ ಮುಂದೆಯೇ ಬಂದವರೊಡನೆ ಅವಳ ಬಗ್ಗೆ ಮಾತಾಡಿದ. ನಾದಿನಿ ಮಂಚದ ತುದಿಯಲ್ಲಿ ಕೂತು, "ಇಂಥಾ ಬದುಕಿಗಿಂತ ದೇವರು ಕರ್ಕೊಂಡ್ರೆ ವಾಸಿ ಅಲ್ವಾ ಭಾವ" ಎಂದಾಗ, "ಹೂಂನಮ್ಮ, ನಂಗೂ ಹಾಗೇ ಅನ್ಸುತ್ತೆ" ಎಂದ. ಒಂದು ದಿನ ಅವಳ ಕೈಗೆ ಎಣ್ಣೆ ತಿಕ್ಕುತ್ತಲೇ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಮಗಳಿಗೆ ಹೇಳಿದ. "ನಿಮ್ಮಮ್ಮ ಹೋಗಿ ಎಷ್ಟೋ ದಿನ ಆಯ್ತು ಕಣಮ್ಮ. ಇದು ಬರೀ ದೇಹ. ಇದನ್ನ ತೊಳೀತಾ ಕೂತಿದೀನಿ."

ಆಗ ಅವಳ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಅವನು ನೋಡಿದ. ಅವಳ ಸೆರಗಿನ ತುದಿಯಿಂದ ಒರೆಸಿ, ಕಣ್ಣಿಗೆ ಔಷಧಿ ಹಾಕಿಸಬೇಕು ಎಂದುಕೊಂಡ.

ಮಳೆಗಾಲ ಕಳೆದ ಮೇಲೆ ಊರಿನ ಆಚೆ ತುದಿಯ ಒಂದು ಮನೆಯಿಂದ ಕೆಲಸಕ್ಕೆ ಕರೆ ಬಂತು. ಸ್ವಿಚ್ ಬೋರ್ಡು ಸುಟ್ಟಿತ್ತು. ಆ ಮನೆಯ ಯಜಮಾನ ಹಿಂದೆ ಬಸ್ ಡ್ರೈವರ್, ಈಗ ಮಂಚ ಹಿಡಿದವನು. ಒಳಗೆ ಕಾಲಿಟ್ಟ ಮೇಸ್ತ್ರಿ ಬಾಗಿಲಲ್ಲೇ ನಿಂತ. ಅದೇ ಕಂಪ್ಯೂಟರ್. ಸ್ಟ್ಯಾಂಡಿನ ಕಾಲಿನ ಮೇಲೆ ಆ ಭಾನುವಾರ ಅವನ ಡ್ರಿಲ್ ತಾಗಿ ಆಗಿದ್ದ ಗೀರು ಹಾಗೇ ಇತ್ತು. ಮಂಚಕ್ಕೆ ಒತ್ತಿಕೊಂಡೇ ನಿಂತಿತ್ತು. ವೈರುಗಳು ಕರುಳಿನಂತೆ ಹೊರಗೆ ಸುರಿದಿದ್ದವು.

ಸ್ವಿಚ್ ಬೋರ್ಡು ಸರಿ ಮಾಡುವಷ್ಟು ಹೊತ್ತೂ ಹಿಂದಿನಿಂದ ಕಂಪ್ಯೂಟರಿನ ದನಿ ಕೇಳುತ್ತಿತ್ತು. "ಬಿಸಿ ನೀರು." "ಟಿವಿ ಹಾಕು." "ಮೇಸ್ತ್ರಿಗೆ ಕಾಫಿ ಕೊಡು." ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ. ಪುಣ್ಯವಂತರು, ಬುದ್ಧಿ ಉಳಿದಿದೆ ಎಂದುಕೊಂಡ. ಹೊರಡುವ ಮುಂಚೆ ಕೈ ಸುಮ್ಮನಿರಲಿಲ್ಲ.

"ಅಮ್ಮಾ, ಈ ಗುಂಡಿ ವೈರನ್ನ ನಾನು ಪಟ್ಟಿಯೊಳಗೆ ಹಾಕ್ಕೊಡ್ತೀನಿ," ಎಂದ ಡ್ರೈವರನ ಹೆಂಡತಿಗೆ. "ಕಂಪ್ಯೂಟರನ್ನ ಆಚೆ ಗೋಡೆಗೆ ಇಡಬಹುದು. ನೋಡೋಕೆ ಚೆಂದ ಇರುತ್ತೆ."

"ಅಯ್ಯೋ, ಮುಟ್ಟಬೇಡಿ ಅಣ್ಣಾ!" ಅವಳು ಎರಡೂ ಕೈ ಅಡ್ಡ ಹಿಡಿದಳು. "ನನ್ ತಮ್ಮ ಒಂದ್ಸಲ ಹಾಗೇ ಜಾಣತನ ಮಾಡಿ ಉದ್ದದ ವೈರ್ ಸೇರಿಸಿದ್ದ. ಇವರು ಹುಚ್ಚುಚ್ಚಾಗಿ ಏನೇನೋ ಬರೆಯೋಕೆ ಶುರು ಮಾಡಿದ್ರು. ತಲೆ ಕೆಟ್ಟೋಯ್ತು ಅಂತ ನಾನು ಅತ್ತಿದ್ದೇ ಅತ್ತಿದ್ದು. ಆಮೇಲೆ ಕಂಪ್ಯೂಟರ್ ಅಂಗಡಿಯವನು ಬಂದು ಬೈದ."

"ಏನಂತ?" ಎಂದ ಮೇಸ್ತ್ರಿ.

"ಇದು ಬಲ್ಬಿನ ವೈರ್ ತರ ಅಲ್ವಂತೆ. ಇದರಲ್ಲಿ ಹೋಗೋದು ಸುದ್ದಿಯಂತೆ. ದೂರ ಹೋದಷ್ಟೂ ಸವೆಯುತ್ತಂತೆ, ಜೋಡಿಸಿದ ಕಡೆಯೆಲ್ಲ ಇನ್ನಷ್ಟು ಸೋರುತ್ತಂತೆ. ಪಕ್ಕದಲ್ಲಿ ಕರೆಂಟಿನ ವೈರ್ ಇದ್ರಂತೂ ಸಂತೆಯಲ್ಲಿ ಪಿಸುಮಾತಾಡಿದ ಹಾಗಂತೆ. ನಡುನಡುವೆ ಟುಡುಂ ಟಡಿಂ ಅಂತ ಸದ್ದು ಬರ್ತಿತ್ತು, ಅದು ಗುಂಡಿಯ ಸಂಪರ್ಕ ಕಳಚಿ ಮತ್ತೆ ಸೇರೋ ಸದ್ದಂತೆ. ಗಿಡ್ಡ ವೈರ್ ಹಾಕಿದ್ದೇ ತಡ, ಇವರು ಮೊದಲು ಬರೆದಿದ್ದು ಏನು ಗೊತ್ತಾ? ನನ್ ತಮ್ಮನಿಗೆ ಬೈಗುಳ!"

ಅವಳು ನಕ್ಕಳು. ಮಂಚದ ಮೇಲಿನ ಡ್ರೈವರನ ಕಣ್ಣೂ ನಗುತ್ತಿತ್ತು. ಅವಳು ಕೊಟ್ಟಿದ್ದ ಕಾಫಿಯನ್ನು ಮೇಸ್ತ್ರಿ ಕುಡಿಯದೆ ಕೆಳಗಿಟ್ಟು, ಸಾಮಾನಿನ ಚೀಲವನ್ನೂ ಅಲ್ಲೇ ಮರೆತು ಹೊರಗೆ ಬಂದ.

ಮನೆ ತಲುಪಿದವನೇ ಏಣಿ ಹಾಕಿ ಸೂರಿನಂಚಿನ ಪಟ್ಟಿಯ ಮುಚ್ಚಳ ಕಿತ್ತ. ಬಿಡಿಸುವ ವ್ಯವಧಾನವಿರಲಿಲ್ಲ, ಎಳೆದ. ಪಟ್ಟಿ ಮುರಿದು ಬಿತ್ತು, ಸುಣ್ಣ ಉದುರಿತು. ಎಳೆದಷ್ಟೂ ವೈರು ಬರುತ್ತಲೇ ಇತ್ತು. ನಾಲ್ಕು ಹೆಜ್ಜೆಯ ದಾರಿಗೆ ಅಷ್ಟು ಉದ್ದದ ವೈರು. ಅದು ನೆಲದ ಮೇಲೆ ಸುರುಳಿ ಸುರುಳಿಯಾಗಿ ಬಿದ್ದಾಗ ಅವನು ಅದರ ನಡುವೆಯೇ ಕುಸಿದು ಕೂತ. ಡಾಕ್ಟರಿಗೆಂದು ತಾನೇ ಫ್ಯಾನು ಹಾಕಿದ್ದು ನೆನಪಾಯಿತು. ಅವಳ ಕಣ್ಣು ಬಿಡದೆ ನೋಡಿದ್ದು ನೆನಪಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಗಳಿಗೆ ಫೋನು ಮಾಡಿದ. ಮಗಳು ಟೀಚರಿಗೆ ಮಾಡಿದಳು. ಟೀಚರ್ ಮತ್ತೆ ಕೇಳಿ ನೋಡುತ್ತೇನೆ ಎಂದಳು. ಸಾಲಿನ ತುದಿಯಲ್ಲಿ ನಿಲ್ಲಬೇಕು, ಅದಕ್ಕೂ ಮುಂಚೆ ಮಂಚದ ಮೇಲಿರುವವಳಿಗೆ ಬುದ್ಧಿ ಇದೆ ಎಂದು ಯಾರಾದರೂ ತೋರಿಸಿಕೊಡಬೇಕು.

ತೋರಿಸಲು ಮೇಸ್ತ್ರಿಗೆ ಗೊತ್ತಿದ್ದ ವಿದ್ಯೆ ಒಂದೇ. ಹಳೆಯ ಕರೆಗಂಟೆಯ ಸ್ವಿಚ್ಚೊಂದನ್ನು ಬಿಚ್ಚಿ, ಒಳಗಿನ ಸ್ಪ್ರಿಂಗನ್ನು ತೇಯ್ದು, ಬರೀ ನಡುಕಕ್ಕೆ ಹತ್ತದೆ, ಚೂರು ಒತ್ತಿದರೂ ಹತ್ತುವಷ್ಟು ಮೆತ್ತಗೆ ಮಾಡಿದ. ಒಂದು ಬ್ಯಾಟರಿ, ಒಂದು ಪುಟ್ಟ ಬಲ್ಬು, ಗೇಣುದ್ದದ ವೈರು. ಎಲ್ಲವನ್ನೂ ಹಾಸಿಗೆಯ ಮೇಲೆ ಹಾಗೇ ಹರಡಿ, ಗುಂಡಿಯನ್ನು ಅವಳ ಬೆರಳಿನ ಕೆಳಗಿಟ್ಟ. ವೈರು ಕಣ್ಣಿಗೆ ರಾಚುವಂತೆ ಬಿದ್ದಿತ್ತು, ಇರಲಿ ಎಂದು ಬಿಟ್ಟ. ಮಗಳೂ ಬಂದು ಕಾಲದೆಸೆಯಲ್ಲಿ ನಿಂತಳು. ಕಿಟಕಿಯಿಂದ ಬೆಳಗಿನ ಬಿಸಿಲು ಬರುತ್ತಿತ್ತು.

"ಹೌದು ಅನ್ನೋದಾದ್ರೆ ಒತ್ತು," ಎಂದ. ಎಷ್ಟೋ ತಿಂಗಳ ಮೇಲೆ ಅವಳಿಗೆ ಅವನು ಆಡಿದ ಮೊದಲ ಮಾತು. "ನೋವಿದ್ಯಾ?"

ಬಲ್ಬು ಉರಿಯಲಿಲ್ಲ.

"ಹಸಿವಾ? ಮಗ್ಗುಲು ಬದಲಿಸ್ಲಾ?"

ಇಲ್ಲ. ಬೆರಳು ಗುಂಡಿಯ ಮೇಲೆ ಎಂದಿನಂತೆ ನಡುಗುತ್ತಿತ್ತು. ಅವನು ತನ್ನ ಬೆರಳಿಟ್ಟು ಒತ್ತಿ ನೋಡಿದ. ಬಲ್ಬು ಚೆನ್ನಾಗಿಯೇ ಉರಿಯಿತು.

"ನಾನು ಯಾರು ಗೊತ್ತಾ ನಿಂಗೆ?"

ಏನೂ ಇಲ್ಲ. "ಬಿಡಪ್ಪ," ಎಂದಳು ಮಗಳು, ಅಳುತ್ತ. "ಈಗ ನಿಜವಾಗ್ಲೂ ತಡ ಆಗೋಯ್ತೇನೋ."

ಮೇಸ್ತ್ರಿ ಬಿಡಲಿಲ್ಲ. ಅವಳ ಮುಖದ ಹತ್ತಿರ ಬಗ್ಗಿದ. ಕೇಳಲು ಅಂಜಿಕೆಯಾಗುತ್ತಿದ್ದ ಮಾತೊಂದೇ ಉಳಿದಿತ್ತು. "ನಿನ್ ಮುಂದೇನೇ ನಾನು ಆಡಿದ್ನಲ್ಲ... ನೀನು ಹೋದೆ, ಇದು ಬರೀ ದೇಹ ಅಂತ. ಅದು ಕೇಳಿಸ್ತಾ ನಿಂಗೆ?"

ಬಲ್ಬು ಹತ್ತಿತು. ಹತ್ತಿ, ಆರಿತು.

ಮಗಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಮೇಸ್ತ್ರಿ ಬಲ್ಬಿನಿಂದ ಕಣ್ಣೆತ್ತಿ ಅವಳ ಮುಖ ನೋಡಿದ.

"ಎಲ್ಲಾ ಕೇಳಿಸ್ತಾ?"

ಮತ್ತೆ ಹತ್ತಿತು.

"ನನ್ ಮೇಲೆ ಕೋಪ ಇದ್ಯಾ?"

ಬಲ್ಬು ಹತ್ತಿತು. ಈ ಸಲ ಆರಲಿಲ್ಲ. ಮಿಣುಕಲಿಲ್ಲ, ನಡುಗಲಿಲ್ಲ. ಸದಾ ಅದುರುತ್ತಿದ್ದ ಆ ಬೆರಳು ಗುಂಡಿಯನ್ನು ಒತ್ತಿ ಹಿಡಿದೇ ಇತ್ತು. ಮೇಸ್ತ್ರಿ ಮಂಚದ ಪಕ್ಕದಲ್ಲಿ ಮಂಡಿಯೂರಿ ಕೂತ. ಬ್ಯಾಟರಿ ಸೋತು ಬಲ್ಬು ಮಂಕಾಗುವವರೆಗೂ ಅವಳು ಬೆರಳು ಎತ್ತಲಿಲ್ಲ, ಅವನೂ ಅಲ್ಲಿಂದ ಏಳಲಿಲ್ಲ.